ನಾನು ಯಾವ ಮನೆಗೂ ಹೋಗಿರಲಿಲ್ಲ

ನಾನು ಯಾವ ಮನೆಗೂ ಹೋಗಿರಲಿಲ್ಲ. ಯಾರ ಬಾಗಿಲಲ್ಲೂ ನಿಂತು ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಹೋಗಿ ಹೇಳಿದ್ದೇನೆ ಎಂದು ಹದಿಮೂರು ವರ್ಷದ ಹುಡುಗಿಯೊಬ್ಬಳಿಗೆ, ಇಡೀ ತರಗತಿ ಕೇಳುವಂತೆ ಹೇಳಿದ್ದು ಸುಳ್ಳು — ನೋಯಲೆಂದೇ ಹೇಳಿದ ಸುಳ್ಳು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದೆ ಎರಡು ಸಲ ಬರೆಯಲು ಕೂತಾಗ ನನ್ನ ಹಂಗಾಮಿ ನೌಕರಿ, ನನ್ನ ಹೆಂಡತಿಯ ಕಾಯಿಲೆ, ಆಗಿನ ತುಟ್ಟಿಕಾಲ — ಇವೇ ಪುಟ ತುಂಬಿಕೊಂಡವು. ಆ ಸುಳ್ಳಿನ ತನಕ ಪೆನ್ನು ಬರಲೇ ಇಲ್ಲ.

ಹುಡುಗಿಯ ಹೆಸರು ಜೈತುನಬಿ. ಅವಳ ತಂದೆ ಹತ್ತಿ ಹಿಂಜಿ ಗಾದಿ ಮಾಡುವವನಾಗಿದ್ದ. ಹತ್ತಿಯ ಧೂಳು ಕುಡಿದೂ ಕುಡಿದೂ ಕೆಮ್ಮಿ ಸತ್ತ. ತಾಯಿ ಮಾಬೂಬಿ ಅದೇ ಕೆಲಸ ಮುಂದುವರಿಸಿದ್ದಳು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾನು ಬೆಟಗೇರಿಯ ಒಂದು ಶಾಲೆಯಲ್ಲಿ ಕೈಕಸಬಿನ ಮಾಸ್ತರ. ನೇಕಾರರ ಮನೆಯವನು, ಹೈಸ್ಕೂಲು ಮುಗಿಸಿದವನು, ಅಷ್ಟೇ ನನ್ನ ಬಂಡವಾಳ.

ನಮ್ಮ ಓಣಿಗಳಲ್ಲಿ ಸೀರೆ ಕೊಯ್ದು ಇಳಿಸಿದ ಮೇಲೆ ಮಗ್ಗದಲ್ಲಿ ಒಂದಿಷ್ಟು ತುಂಡು ನೂಲು ಉಳಿಯುತ್ತದೆ. ಯಾವುದಕ್ಕೂ ಬಾರದ್ದು. ಅದನ್ನು ಬೇಡಿ ತಂದು, ಹೊಸೆದು, ಹೆಣೆದು ಲಾಡಿ ಮಾಡುವುದು — ಪಾಯಿಜಾಮಕ್ಕೆ, ಲಂಗಕ್ಕೆ, ಚೀಲದ ಬಾಯಿಗೆ ಕಟ್ಟುವ ಲಾಡಿ. ಅದನ್ನು ಮಕ್ಕಳೇ ಮಾರುವುದು, ಬಂದ ಲಾಭದಲ್ಲಿ ಊರಿನ ಒಂದು ಕಷ್ಟ ಕಳೆಯುವುದು. ಇದು ನಾನು ಏಳನೆಯ ಇಯತ್ತೆಗೆ ಹಾಕಿಕೊಂಡ ಪಾಠ. ಊರವರು ನನ್ನನ್ನು ‘ಲಾಡಿ ಮಾಸ್ತರ’ ಎಂದು ಕರೆಯತೊಡಗಿದರು. ನನಗೇನೂ ಬೇಸರವಿರಲಿಲ್ಲ. ಮೊದಲ ದಿನವೇ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೆ — ಸರಕು ತೋರಿಸಿ ಮಾರಿರಿ, ಹರಕು ಅಂಗಿ ತೋರಿಸಿ ಮಾರಬೇಡಿರಿ. ಮಕ್ಕಳು ರಾಗವಾಗಿ ಹೇಳುತ್ತಿದ್ದರು. ಆ ಪಾಠ ಖರೆ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ ಎಂದು ಈಗ ಅನ್ನಿಸುತ್ತದೆ. ನಾನಂತೂ ಮಾಡಿಕೊಂಡಿರಲಿಲ್ಲ.

ಯಾರ ಕಷ್ಟ ಕಳೆಯೋಣ ಎಂದು ಕೇಳಿದಾಗ ಹುಡುಗರು ಗುಡಿಗೆ ಗಂಟೆ ಅಂದರು, ಶಾಲೆಗೆ ಫುಟ್‌ಬಾಲ್ ಅಂದರು. ಅವಳು ಎದ್ದು ನಿಂತಳು.

“ಸರ, ನಮಗ ನೂಲು ಕೊಡ್ತಾರಲ್ರಿ ಮುದುಕರು, ಅವರಿಗೆ ಕಣ್ಣ ಕಾಣಂಗಿಲ್ರಿ. ಹರಿದ ಎಳಿ ಹುಡುಕಾಕ ಮೊಮ್ಮಕ್ಕಳನ್ನ ಕರೀತಾರ. ಅವರಿಗೆ ಚಸ್ಮಾ ಕೊಡಸೂಣ್ರಿ.”

ನಲವತ್ತು ಮಕ್ಕಳಲ್ಲಿ ಬೇರೆ ಯಾರಿಗೂ ಹೊಳೆಯದ ಮಾತು. ಹುಟ್ಟಿದಾಗಿನಿಂದ ಆ ಮುದುಕರ ನಡುವೆಯೇ ಬೆಳೆದ ನನಗೂ ಅದು ಹೊಳೆದಿರಲಿಲ್ಲ. ನನ್ನ ತಂದೆಯೇ ಎಳೆ ಹುಡುಕಲು ನನ್ನನ್ನು ಕರೆಯುತ್ತಿದ್ದ — ಇರಲಿ.

ಒಂದು ವರ್ಷದಲ್ಲಿ ಮೂವರು ಮುದುಕರ ಮೂಗಿನ ಮೇಲೆ ಕನ್ನಡಕ ಬಂತು. ಅದರಲ್ಲಿ ಎರಡಂತೂ ಅವಳೊಬ್ಬಳ ಮಾರಾಟದಿಂದ ಬಂದವು ಎನ್ನಬೇಕು. ಉಳಿದ ಮಕ್ಕಳು ನಾಲ್ಕು ಲಾಡಿ ಮಾರಿ ಬರುವಷ್ಟರಲ್ಲಿ ಅವಳ ಚೀಲ ಖಾಲಿ. ಹೇಗೆ ಎಂದು ನೋಡಲು ಒಂದು ಮಧ್ಯಾಹ್ನ ಅವಳ ಹಿಂದೆ ಹೋದೆ. ಇದು ಮುಖ್ಯ, ಇದನ್ನು ಬಿಡಬಾರದು — ನಾನು ಕಣ್ಣಾರೆ ನೋಡಿದ್ದೆ. ಹಿಟ್ಟಿನ ಗಿರಣಿಯ ಗೋಡೆಗೆ ಆತು ನಿಂತಿದ್ದೆ. ಎದುರಿಗೆ ನೀಲಮ್ಮ ಎಂಬವರ ಮನೆ.

“ಏನವಾ, ಗಟ್ಟಿ ಅದಾವೇನ ಇವು?” ನೀಲಮ್ಮ ಕೇಳಿದರು.

“ಹಿಡೀರಿ ಅಕ್ಕಾರ, ಈ ತುದಿ. ಜಗ್ರಿ. ಹರೀತಂದ್ರ ಪುಕ್ಕಟೆ.”

“ಲೇ ಹುಡುಗಿ, ಲಾಡಿ ಹೋಗ್ಲಿ, ನೀನಾ ಬೀಳ್ತಿ ನೋಡ!”

“ನಾ ಬೀಳಬಹುದ್ರಿ, ಲಾಡಿ ಹರಿಯಂಗಿಲ್ಲ. ನಡುಬಜಾರದಾಗ ನಿಮ್ಮ ಯಜಮಾನ್ರ ಪಾಯಿಜಾಮ ಜಾರಬಾರದು ಅಂದ್ರ ಎರಡ ತಗೋರಿ.”

ನೀಲಮ್ಮ ಹೊಸ್ತಿಲ ಮೇಲೆ ಕೂತು ನಕ್ಕರು. ಪಕ್ಕದ ಮನೆಯವರೂ ಬಂದು ಜಗ್ಗಿದರು. ಐದು ಹೋದವು. ರೊಕ್ಕ ಕೈಗೆ ಬಂದ ಮೇಲೆ, ಇದು ಮುದುಕರ ಚಸ್ಮಾಕ್ಕೆ ಎಂದು ಅವಳು ಹೇಳಿದಳು. ಮೊದಲು ಹೇಳಲಿಲ್ಲ. ತನ್ನ ತಂದೆಯ ಸುದ್ದಿಯನ್ನಂತೂ ಎತ್ತಲೇ ಇಲ್ಲ.

ಹೀಗಿರುವಾಗ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಅವರ ಒಂದು ಒಳ್ಳೆಯ ಮಾತಿನ ಮೇಲೆ ನನ್ನ ನೌಕರಿ ಕಾಯಂ ಆಗುವುದಿತ್ತು. ಲಾಡಿಗಳನ್ನು ಬಣ್ಣಬಣ್ಣವಾಗಿ ಜೋಡಿಸಿ, ಜೈತುನಬಿಯನ್ನು ಮುಂದೆ ನಿಲ್ಲಿಸಿದೆ. ಇದನ್ನೆಲ್ಲ ಯಾರು ಕಲಿಸಿದರು ಎಂದು ಸಾಹೇಬರು ಕೇಳಿದರು.

“ಹೆಣಿಯೂದು ನಮ್ಮವ್ವ ಕಲಿಸಿದ್ಲ್ರಿ. ಮಾರೂದು ನಾನಾ ಕಲ್ತೇನ್ರಿ.”

“ಮತ್ತ ನಿಮ್ಮ ಮಾಸ್ತರು ಏನ ಮಾಡ್ತಾರವಾ?”

ಅವಳು ಕ್ಷಣ ಯೋಚಿಸಿದಳು. ಸುಳ್ಳು ಹೇಳಬಾರದು ಎಂದು ಯೋಚಿಸಿದಳು, ನನಗೆ ಕಂಡಿತು. “ಎಣಿಸ್ತಾರ್ರಿ,” ಅಂದಳು.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಹೆಡ್‌ಮಾಸ್ತರರು ನಕ್ಕರು, ಮಕ್ಕಳು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಸಾಹೇಬರು ನನ್ನ ಭುಜ ತಟ್ಟಿ, ಮಕ್ಕಳಿಗೆ ಇಷ್ಟು ಧೈರ್ಯ ಕಲಿಸಿದ್ದೀರಲ್ಲ ಎಂದು ಮೆಚ್ಚಿ, ಹಾಗೆಯೇ ಬರೆದುಕೊಂಡು ಹೋದರು. ಅಂದರೆ ನನಗೆ ಏನೂ ನಷ್ಟವಾಗಲಿಲ್ಲ. ಅವಳ ಮಾತಿನಿಂದ ಲಾಭವೇ ಆಯಿತು. ಆದರೂ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಒಂದು ಶಬ್ದ, ಆ ನಗು...

ಮರುದಿನ ಅವಳನ್ನು ಎದ್ದು ನಿಲ್ಲಿಸಿದೆ.

“ನಿನ್ನ ಲಾಡಿ ಯಾಕ ಇಷ್ಟ ಮಾರಾಟ ಆಗ್ತಾವು, ಗೊತ್ತೈತೇನು?”

“ಗಟ್ಟಿ ಅದಾವಲ್ರಿ ಸರ.”

“ಹುಚ್ಚಿ. ನೀ ಹೋಗೂದಕ್ಕಿಂತ ಮೊದಲ ಪ್ರತಿ ಮನಿಗೂ ನಾ ಹೋಗಿರ್ತೇನಿ. ತಂದಿ ಇಲ್ಲದ ಕೂಸು ಬರತೈತಿ, ಪಾಪ, ಒಂದೆರಡ ತಗೊಂಡು ಕಳಸ್ರಿ ಅಂತ ಹೇಳಿರ್ತೇನಿ. ಅವರು ತಗೊಂಡಿದ್ದು ನಿನ್ನ ಲಾಡಿ ಅಲ್ಲವಾ. ನಿನ್ನ ಬಡತನ.”

ಅವಳ ಮುಖದಲ್ಲಿ ಮೊದಲು ನಗು ಬಂತು, ಚೇಷ್ಟೆ ಎಂದುಕೊಂಡಳೇನೋ. “ಸುಳ್ಳ ಹೇಳ್ತೀರಿ ಸರ. ನಾ ಅವರನ್ನ ಕೇಳ್ತೇನಿ,” ಅಂದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ್ದರೆ ಸಂಜೆಯೊಳಗೆ ನನ್ನ ಸುಳ್ಳು ಬಯಲಾಗಿ, ಅವಳು ಉಳಿದುಬಿಡುತ್ತಿದ್ದಳು. ಅದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಹೊಳೆದದ್ದಕ್ಕೇ ಹೇಳಿದೆ —

“ಕೇಳ ಹೋಗು. ಯಾರೂ ಒಪ್ಪಂಗಿಲ್ಲ. ಕೂಸಿನ ಮುಂದ ಹೇಳಬ್ಯಾಡ್ರಿ, ಮನಸಿಗೆ ಹಚ್ಕೋತೈತಿ ಅಂತ ನಾನಾ ಹೇಳಿ ಬಂದೇನಿ.”

ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ಲಾಡಿ ಅಲ್ರಿ ಸರ, ಜೋಳಿಗಿ ಹೆಣಿಯಾಕ ಹೇಳ್ರಿ ಆಕಿಗೆ!” ಎಂದು ಕೂಗಿದ. ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ದಿನ ನನ್ನನ್ನು ನೋಡಿ ನಕ್ಕ ಅದೇ ಬಾಯಿಗಳು. ನಾನು ಅವನನ್ನು ಗದರಿಸಲಿಲ್ಲ. ನನಗೆ ಹಿತವಾಗಿತ್ತು. ಇದಕ್ಕೆ ಬೇರೆ ಶಬ್ದ ಹುಡುಕುವುದಿಲ್ಲ — ಹಿತವಾಗಿತ್ತು.

ಅವಳು ಕೇಳಲು ಹೋದಳು. ಎರಡು ದಿನದ ಮೇಲೆ ನೀಲಮ್ಮ ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು.

“ಏನ್ರಿ ಮಾಸ್ತರ, ಆ ಹುಡುಗಿ ಬಂದು, ನಮ್ಮ ಸರ ನಿಮ್ಮ ಮನಿಗೆ ಬಂದಿದ್ರೇನ್ರಿ ಅಂತ ಕೇಳಿದ್ಲು. ಇಲ್ಲವಾ, ಯಾರೂ ಬಂದಿಲ್ಲ ಅಂದೆ. ಅಂದಿದ್ದಕ್ಕ ಗಳಗಳ ಅಳಾಕತ್ಲು. ನಾ ಏನರ ತಪ್ಪ ಮಾತಾಡಿದ್ನೇನ್ರಿ?”

ನೀಲಮ್ಮ ಖರೆಯನ್ನೇ ಹೇಳಿದ್ದರು. ಆ ಖರೆಯೇ ಹುಡುಗಿಗೆ ನನ್ನ ಸುಳ್ಳು ನಿಜ ಎಂಬುದಕ್ಕೆ ಸಾಕ್ಷಿಯಾಯಿತು. ಇನ್ನೂ ಹತ್ತು ಮನೆ ಕೇಳಿದ್ದರೂ ಹತ್ತು ಕಡೆಯೂ ‘ಇಲ್ಲ’ ಎಂದೇ ಅನ್ನುತ್ತಿದ್ದರು, ಪ್ರತಿಯೊಂದು ‘ಇಲ್ಲ’ವೂ ಅವಳನ್ನು ಇನ್ನಷ್ಟು ಕೆಳಗೆ ತಳ್ಳುತ್ತಿತ್ತು. ನಾನು ನೀಲಮ್ಮನಿಗೆ, “ಹುಡುಗಾಟಿಕಿ ಬಿಡ್ರಿ,” ಎಂದು ಹೇಳಿ ಮುಂದೆ ನಡೆದೆ.

ಆ ವಾರ ಅವಳ ತಾಯಿ ಶಾಲೆಗೆ ಬಂದಳು. ತಲೆಯ ಸೆರಗಿಗೆ ಹತ್ತಿಯ ಚೂರು ಅಂಟಿದ್ದವು. ಉಳಿದ ಲಾಡಿಗಳ ಗಂಟನ್ನು ನನ್ನ ಮೇಜಿನ ಮೇಲೆ ಇಟ್ಟಳು.

“ಇವನ್ನ ಕೊಟ್ಟ ಬಾ ಅಂದ್ಲ್ರಿ. ಶಾಲಿಗೆ ಬರಂಗಿಲ್ಲಂತ. ಉಣ್ಣಂಗಿಲ್ಲ, ಮಾತಿಲ್ಲ. ಏನಾತ್ರಿ ಮಾಸ್ತರ? ನೀವರ ಒಂದ್ ಮಾತ ಹೇಳ್ರಿ, ನಿಮ್ಮ ಮಾತು ಅಂದ್ರ ಆಕಿ ಕೇಳ್ತಾಳ.”

ಹೌದು, ಕೇಳುತ್ತಿದ್ದಳು. ಅದೇ ಆಗಿದ್ದು.

“ದೊಡ್ಡಾಕಿ ಆಗಾಕತ್ಯಾಳ ಮಾಬೂಬಿ. ಓಣಿ ಓಣಿ ತಿರಗೂ ವಯಸ್ಸಲ್ಲ. ಮನ್ಯಾಗ ಇರ್ಲಿ ಬಿಡು,” ಅಂದೆ. ತಾಯಿ ತಲೆಯಾಡಿಸಿ, ಕೈ ಮುಗಿದು ಹೋದಳು. ನನಗೆ ಕೈ ಮುಗಿದು.

ನನ್ನ ನೌಕರಿ ಕಾಯಂ ಆಯಿತು. ಶಿರಹಟ್ಟಿ, ಮುಂಡರಗಿಯ ಕಡೆಯ ಮಾಸ್ತರರಿಗೆ ಈ ಪಾಠ ಹೇಳಿಕೊಡಲು ನನ್ನನ್ನು ಕಳಿಸಿದರು. ಅಲ್ಲಿ ಲಾಡಿಯ ಒಂದು ತುದಿಯನ್ನು ಎದುರಿನವರ ಕೈಗೆ ಕೊಟ್ಟು, ಜಗ್ಗಿಸಿ, ಹೀಗೆ ಮಾರಬೇಕು ನೋಡಿರಿ ಎಂದು ತೋರಿಸುತ್ತಿದ್ದೆ. ನನ್ನದೇ ಯುಕ್ತಿ ಎಂಬಂತೆ. ಚಪ್ಪಾಳೆ ಬೀಳುತ್ತಿದ್ದವು. ನಮ್ಮ ಶಾಲೆಯಲ್ಲಿ ಮಾತ್ರ ನಾಲ್ಕನೆಯ ಕನ್ನಡಕ ಬರಲೇ ಇಲ್ಲ.

ಎಂಬತ್ತರ ದಶಕದ ಕೊನೆಗೆ, ಮಗಳ ಬಾಣಂತನಕ್ಕೆ ಹಾಸಿ ಹೊದೆಯಲು ಒಂದು ಕೌದಿ ಬೇಕೆಂದು ನಾನೂ ಹೆಂಡತಿಯೂ ಲಕ್ಷ್ಮೇಶ್ವರಕ್ಕೆ ಹೋದೆವು. ಅಲ್ಲೊಬ್ಬಾಕಿ ಚೊಲೋ ಹೊಲಿಯುತ್ತಾಳೆ ಎಂದು ಬೀಗರು ಹೇಳಿದ್ದರು. ಮನೆ ತೋರಿಸಲು ಜೊತೆಗೆ ಬಂದ ನೆರೆಯಾಕೆ ದಾರಿಯಲ್ಲೇ ನಕ್ಕು, “ನಿಮ್ಮ ದೈವ ಚೊಲೋ ಐತ್ರಿ. ಈಕಿ ಎಂದೂ ರೇಟ ಹೇಳಂಗಿಲ್ಲ. ಕೊಟ್ಟಷ್ಟ ತಗೋತಾಳ,” ಅಂದಳು.

ಜೈತುನಬಿ ಬಾಗಿಲಿಗೆ ಬಂದಳು. ಮದುವೆಯಾಗಿ ಆ ಊರಿಗೆ ಬಂದು ಎಷ್ಟೋ ವರ್ಷವಾಗಿತ್ತು. ನನ್ನನ್ನು ಕಂಡೊಡನೆ ಗುರುತಿಸಿ, “ಬರ್ರಿ ಸರ, ಕುಂಡ್ರಿ,” ಎಂದು ಚಾಪೆ ಹಾಸಿ, ಚಹಾ ಕೊಟ್ಟಳು. ಅವಳು ಬಿಚ್ಚಿ ತೋರಿಸಿದ ಕೌದಿಯಂಥದ್ದನ್ನು ನಾನು ಕಂಡಿರಲಿಲ್ಲ. ನೇಕಾರನ ಮಗ ಹೇಳುತ್ತಿದ್ದೇನೆ. ಹೊಲಿಗೆಯ ಒಂದು ಗೆರೆಯೂ ಸೊಟ್ಟ ಇರಲಿಲ್ಲ. ಹೆಂಡತಿ ಬೆಲೆ ಕೇಳಿದಳು.

“ನಿಮಗ ತಿಳಿದಷ್ಟ ಕೊಡ್ರಿ ಅಕ್ಕಾರ.”

ಹೆಂಡತಿ ಕೊಟ್ಟದ್ದು ಬಟ್ಟೆಯ ಖರ್ಚಿಗೂ ಸಾಲದು. ನನಗೆ ಗೊತ್ತಿತ್ತು. ಗೊತ್ತಿದ್ದೇ ಕೌದಿಯನ್ನು ಮಡಚಿ ಎತ್ತಿಕೊಂಡೆ. ಅವಳು ಎಣಿಸದೆ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಹೆಂಡತಿ ಮುಂದೆ ನಡೆದ ಮೇಲೆ, ಬಾಗಿಲಲ್ಲಿ ನನ್ನನ್ನು ಮೆಲ್ಲಗೆ ಕೇಳಿದಳು —

“ಸರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತು. ಮೊನ್ನೆ ಮೊನ್ನೆ ಭಾಳ ಮಂದಿ ಬರಾಕತ್ಯಾರ ಕೌದಿ ಕೇಳಕೋಂತ. ನೀವೇನರ ಹೇಳಿ ಕಳಸೀರೇನ್ರಿ?”

ಹದಿಮೂರು ವರ್ಷದವಳಿಗೆ ಹೇಳಿದ್ದು, ಎರಡು ಮಕ್ಕಳ ತಾಯಿಯಾದ ಮೇಲೂ ಅವಳ ಬಾಗಿಲು ಕಾಯುತ್ತಿತ್ತು. ಆಗಲಾದರೂ... “ಇಲ್ಲವಾ, ನಾ ಯಾರಿಗೂ ಹೇಳಿಲ್ಲ,” ಅಂದೆ. ನಾನು ಅವಳಿಗೆ ಹೇಳಿದ ಮೊದಲ ಖರೆ ಮಾತು ಅದು. ಅವಳು ನಕ್ಕಳು — ಒಳ್ಳೆಯತನಕ್ಕೆ ಸುಳ್ಳು ಹೇಳುವವರನ್ನು ನೋಡಿ ನಗುವಂತೆ. “ಇರ್ಲಿ ಬಿಡ್ರಿ ಸರ, ನಿಮ್ಮ ಉಪಕಾರ ಭಾಳ ಐತಿ,” ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೇಳಬೇಕೆಂದು ಆಮೇಲೆ ಎಷ್ಟೋ ಸಲ ಲಕ್ಷ್ಮೇಶ್ವರದ ಬಸ್ಸಿನ ಬಳಿ ಹೋಗಿ ನಿಂತಿದ್ದೇನೆ. ಎದುರಿಗೆ ನಿಂತು ಹೇಳಿದರೆ ಅದನ್ನೂ ಕರುಣೆ ಎಂದೇ ತಿಳಿಯುತ್ತಾಳೆ. ಹಾಗೆ ತಿಳಿಯುವಂತೆ ನಾನೇ ಕಟ್ಟಿದ್ದೇನೆ. ಅದಕ್ಕೇ ಇಲ್ಲಿ, ಎಲ್ಲರೂ ಓದುವಂತೆ ಬರೆದೆ. ಇನ್ನು ಇದನ್ನು ಕೈಯಲ್ಲಿ ಹಿಡಿದು ಅವಳ ಮನೆಗೆ ಹೋಗುತ್ತೇನೆ. ಕ್ಷಮೆ ಕೇಳಲು ಹೋಗುವುದಿಲ್ಲ, ಕೇಳಿದರೆ ಅವಳು ತಕ್ಷಣ ಕೊಟ್ಟುಬಿಡುತ್ತಾಳೆ, ಕೌದಿ ಕೊಟ್ಟ ಹಾಗೆ.

ಜೈತುನಬಿ, ನನ್ನ ಮಾತನ್ನು ನಂಬಬೇಡ. ನಂಬಿದ್ದಕ್ಕೇ ಇಷ್ಟಾಯಿತು. ನೀನೇ ಒಮ್ಮೆ ವಿಚಾರ ಮಾಡು. ತಂದೆಯಿಲ್ಲದ ಕೂಸಿಗಾಗಿ ಬಿಸಿಲಲ್ಲಿ ಮನೆಮನೆಗೆ ಹೋಗಿ ಬೇಡಿಕೊಳ್ಳುವಷ್ಟು ಅಂತಃಕರಣ ಇದ್ದವನು, ಅದನ್ನು ನಲವತ್ತು ಮಕ್ಕಳ ಮುಂದೆ ಎತ್ತಿ ಆಡಿ, ಅವರು ನಗುವಾಗ ಸುಮ್ಮನೆ ನಿಲ್ಲುತ್ತಿದ್ದನೇನು? ನಿನ್ನ ಮೇಲೆ ನನಗೆ ಕರುಣೆ ಇರಲಿಲ್ಲ. ಒಂದು ದಿನವೂ ಇರಲಿಲ್ಲ.