ಟೋಪಿ ಕೋಳಿಯ ವೀರೇಶ ಸರ್

ವೀರೇಶ ಸರ್ ಮಾತಾಡುವಾಗ ಎದುರಿದ್ದವರ ಮುಖ ನೋಡುತ್ತಿರಲಿಲ್ಲ, ಕೈಕಾಲು ನೋಡುತ್ತಿದ್ದರು. ಒಮ್ಮೆ ನಾನು "ನನಗೇನೂ ಬೇಜಾರಿಲ್ಲ ಸರ್" ಅಂದರೆ, "ಹಂಗಾದ್ರ ವೇಲಿನ ತುದಿ ಯಾಕ ಹಿಂಡಾಕತ್ತಿ ತಂಗೀ?" ಎಂದುಬಿಟ್ಟರು. ಅಂಥವರ ಮುಂದೆ ಸುಳ್ಳು ಹೇಳುವುದು ಕಷ್ಟ.

ಬನವಾಸಿ ಕಡೆಯವರು, ಮೊಟ್ಟೆಯನ್ನೂ ಒಳಗೆ ತರದ ಮನೆತನ. ಅವರು ನಮ್ಮೂರು ಇಡಗುಂದಿಗೆ ಬಂದು ನಮ್ಮ ಹಳೆಯ ಕೊಟ್ಟಿಗೆ ಬಾಡಿಗೆಗೆ ಹಿಡಿದು ಕೋಳಿ ಸಾಕಿದರು. ಕಾವಿಗೆ ಕೂತ ಕೋಳಿ ಏನೇನು ಮಾಡುತ್ತದೆ, ಅದೇ ಹೊತ್ತಿಗೆ ಅದರ ಮಿದುಳಿನಲ್ಲಿ ಏನು ನಡೆಯುತ್ತದೆ, ಎರಡನ್ನೂ ಒಟ್ಟಿಗೆ ಅಳೆಯುವ ಸಂಶೋಧನೆ ಅವರದು. ಯಾವುದೋ ಸಂಸ್ಥೆ ಅದಕ್ಕೆ ಅನುದಾನ ಕೊಟ್ಟಿತ್ತು. ಕೋಳಿಯ ತಲೆಯ ಮೇಲೆ ಹುಣಸೆಬೀಜದಷ್ಟು ಯಂತ್ರ. "ಪುಣ್ಯಾತ್ಮ ಕೋಳಿಗೂ ಟೋಪಿ ಹಾಕಿದ" ಎಂದು ಊರವರು ನಗುತ್ತಿದ್ದರು. ವಿಡಿಯೋ ನೋಡಿ ಕೋಳಿ ಮಾಡಿದ್ದನ್ನು ಬರೆಯುವುದು ನನ್ನ ಕೆಲಸ. 'ಹೆದರಿತು' ಎಂದು ಬರೆದರೆ ಮುಗಿಯಿತು, ಸರ್ ಅದನ್ನು ಗೀಚಿ ಅಳಿಸುತ್ತಿದ್ದರು. "ಏನು ಮಾಡ್ತು ಅಷ್ಟ ಹೇಳು. ತಲ್ಯಾಗ ಏನಿತ್ತು ಅನ್ನೂದನ್ನ ಯಂತ್ರ ಹೇಳತೈತಿ."

ಅನುದಾನ ಮುಗಿಯುತ್ತ ಬಂತು. ಮುಂದುವರಿಸಬೇಕಾದರೆ, ಒಂದು ಕೋಳಿ ಖಾಲಿ ಗೂಡಿನಲ್ಲಿ ಕಾವಿಗೆ ಕೂತಲ್ಲಿಂದ ತಾನಾಗಿಯೇ ಏಳುವವರೆಗಿನ ದಾಖಲೆ ನಡುವೆ ಕಡಿಯದೆ ಬೇಕು ಎಂದರು ಸಂಸ್ಥೆಯವರು. ಉಳಿದದ್ದು ಒಂದೇ ಯಂತ್ರ. ಬೂದು ಕೋಳಿ ಕೂತಿತು. ಸರ್ ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

ಅದು ಇನ್ನೇನು ಏಳಬೇಕು ಎನ್ನುವ ದಿನಗಳಲ್ಲಿ, ಸಿದ್ದಾಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದ, ಈ ಷರತ್ತೇನೂ ಗೊತ್ತಿರದ ನನ್ನ ಅವ್ವ ಮರಳಿದಳು. ಸರ್ ಬ್ಯಾಟರಿ ತರಲು ಯಲ್ಲಾಪುರಕ್ಕೆ ಹೋಗಿದ್ದರು, ನಾನು ಊಟಕ್ಕೆ ಎದ್ದಿದ್ದೆ. ಮೊಟ್ಟೆಯಿಲ್ಲದೆ ಕೂತು ಸೊರಗಿದ ಕೋಳಿಯನ್ನು ಕಂಡು ಅವ್ವನಿಗೆ ಕರುಳು ಚುರ್ ಎಂದಿತು. ನಮ್ಮ ಕಡೆ ಕಾವು ಬಿಡಿಸಲು ಮಾಡುವುದನ್ನೇ ಮಾಡಿದಳು: ಎತ್ತಿ, ತಣ್ಣೀರಿನ ಬಕೆಟ್ಟಿನಲ್ಲಿ ಟೋಪಿ ಸಮೇತ ಮುಳುಗಿಸಿದಳು. ನಾನು ಓಡಿ ಬರುವಷ್ಟರಲ್ಲಿ ಯಂತ್ರ ಕೆಟ್ಟು ದಾಖಲೆ ಕಡಿದಿತ್ತು, ಕೋಳಿ ಆಗಷ್ಟೇ ನೆಲಕ್ಕಿಳಿಯುತ್ತಿತ್ತು.

ಸರ್ ಬಂದರು. ಅವರು ಕೇಳಿದ್ದು ಒಂದೇ: "ಎದ್ದ ಮ್ಯಾಲೆ ಮೊದಲ ಏನು ಮಾಡ್ತು?"

"ಮೈ ಕೊಡವಿಕೊಂಡು ನೀರು ಕುಡೀತು ಸರ್."

"ಬರಕೋ," ಎಂದು ಕುರ್ಚಿಯಲ್ಲಿ ಕೂತರು.

ಹಳೆಯ ದಾಖಲೆಯ ತುಂಡು ಸೇರಿಸಿ ಕಳಿಸಬಹುದಿತ್ತು, ನಾನೇ ಹೇಳಿದೆ. ಕೇಳಲಿಲ್ಲ. ನಡೆದದ್ದನ್ನು ನಡೆದಂತೆ ಬರೆದರು. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಮತ್ತೆ ಕೇಳಿದರೂ ಅದೇ ಉತ್ತರ. ಮಳೆಗಾಲ ಬಂದು ಹೋಯಿತು. ಸರ್ ಮಾತ್ರ ಖಾಲಿ ಗೂಡಿನ ಎದುರು ಕೂತೇ ಇದ್ದರು. ಶಿರಸಿಯ ಕಾಲೇಜೊಂದು ಪಾಠಕ್ಕೆ ಕರೆದರೂ ಹೋಗಲಿಲ್ಲ. "ನಾ ಹೋದ ಮರುದಿನ ಮಂಜೂರಾದ್ರ? ಬಿಟ್ಟು ಹೆಂಗ ಹೋಗ್ಲಿ?" ಗಡ್ಡ ಬೆಳೆಯಿತು, ಅಂಗಿ ಸಡಿಲವಾಯಿತು. ಅವ್ವ ತಾಟು ತಂದಿಡುವಳು, ಹಾಗೇ ಒಯ್ಯುವಳು.

ಒಂದು ಬೆಳಿಗ್ಗೆ ಅವ್ವ ಅವರ ಕುರ್ಚಿಯನ್ನು ಅಂಗಳಕ್ಕೆ ತಂದಿಟ್ಟು ಕೊಟ್ಟಿಗೆಗೆ ಬೀಗ ಹಾಕಿದಳು.

"ಕೋಳಿ ಮುಳುಗ್ಸಿದ್ದು ನಂದೇ ತಪ್ಪು ತಮಾ. ಆದ್ರೆ ಅದಾರೂ ಎದ್ದು ನೀರು ಕುಡೀತು. ನಿನ್ನ ಎಂತ ಮಾಡಿ ಎಬ್ಸೂದು ಮಾರಾಯ?"

ಸರ್ ಸಿಟ್ಟಾದರು. ಬೀಗ ಹಿಡಿದು ಜಗ್ಗಿದರು. ಆಮೇಲೆ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡರು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ನಾನೇ ಅವರ ಚೀಲ ಹಿಡಿದು ಹೋದೆ. ಬಸ್ಸು ಹತ್ತಿದರು, ಇಳಿದರು, ಕೊಟ್ಟಿಗೆಯ ಕಡೆ ನೋಡಿ ಮತ್ತೆ ಹತ್ತಿದರು. ಅವರು ಮಾಡಿದ್ದು ಇಷ್ಟು. ತಲೆಯಲ್ಲಿ ಏನಿತ್ತೋ, ಹೇಳಲು ಯಂತ್ರವಿರಲಿಲ್ಲ. ನಾನು ಮಾತ್ರ ಅತ್ತೆ. ಆಮೇಲೆ ಅವರ ಸುದ್ದಿಯೇ ಇಲ್ಲ.

ಮೊನ್ನೆ ಬೂದು ಕೋಳಿ ಮತ್ತೆ ಖಾಲಿ ಗೂಡಿನಲ್ಲಿ ಕಾವಿಗೆ ಕೂತಿತು. ನಾನು ಅಭ್ಯಾಸಬಲದಿಂದ ಬಕೆಟ್ ತಂದೆ. ಅವ್ವ ಅದನ್ನು ಕಸಿದು ಬದಿಗಿಟ್ಟು, ಪಕ್ಕದ ಮನೆಯಿಂದ ಮೊಟ್ಟೆ ಕೇಳಿ ತಂದು ಮೆಲ್ಲಗೆ ಅದರ ಹೊಟ್ಟೆಯಡಿ ಸರಿಸಿದಳು.

"ಕೂತದ್ದಂತೂ ಕೂತಾತು," ಎಂದಳು, "ಕೆಳಗೆ ಎಂತಾರೂ ಇರ್ಲಿ."