ಓನರಜ್ಜಿ ಕೇಳುತ್ತಿದ್ದ ಕೆರೆ ಸುದ್ದಿ

ಕೇಳುವುದಕ್ಕೆ ಕೂತರೆ ಓನರಜ್ಜಿ ಬಲಗಿವಿಯ ಹಾಲೆಯನ್ನು ಎರಡು ಬೆರಳ ನಡುವೆ ಹಿಡಿದುಕೊಂಡುಬಿಡುತ್ತಿದ್ದರು. ವರ್ಷಗಟ್ಟಲೆ ಭಾರದ ಓಲೆ ಹೊತ್ತು ಜೋತುಬಿದ್ದ ಹಾಲೆ ಅದು. ಸುದ್ದಿ ಹಿಡಿಸಿದರೆ ಅದನ್ನು ಮೆಲ್ಲಗೆ ಎಳೆಯುವರು, ಹಿಡಿಸದಿದ್ದರೆ ಕೈಬಿಡುವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತಿಂದುಹಾಕಿತ್ತು. ಅವರ ನೋಟದಿಂದ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ನಾನು ಕಿವಿ ನೋಡಿಕೊಂಡೇ ಪೇಪರ್ ಓದುತ್ತಿದ್ದೆ.

ವರ್ತೂರಿನಿಂದ ಸ್ವಲ್ಪ ಒಳಗೆ, ಒಂದು ಕಾಲಕ್ಕೆ ಅವರದೇ ಗದ್ದೆಯಾಗಿದ್ದ ಜಾಗದಲ್ಲಿ ಅವರ ಮಗ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ಕೆಳಗೆ ಅವರ ಸಂಸಾರ, ಮೇಲೆ ನಾವು. ಮಗ ನಮಗೆ ಓನರ್ ಅಂಕಲ್, ಹಾಗಾಗಿ ತಾಯಿ ಓನರಜ್ಜಿ. ನಾನಾಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಕಲ್ಲಿದ್ದಲು, ಸೋಲಾರ್, ಬಿಸಿಗಾಳಿ, ಕೆರೆ, ಕಸ ಅಂತ ಬೆಳಿಗ್ಗೆ ಫೋನಿನಲ್ಲಿ ಏನು ಕಂಡರೂ ಅದರ ಜೊತೆ ಜಗಳಕ್ಕೆ ನಿಲ್ಲುವುದು ನನ್ನ ಚಾಳಿ. ಅಮ್ಮ ಕಿವಿ ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದಳು. ನನ್ನ ಗಂಟಲು ಕೆಳಗಿನ ಮನೆಗೂ ಕೇಳಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ದಿನ ಕಾಲೇಜಿಗೆ ಹೊರಟವಳನ್ನು ಅಜ್ಜಿ ಮೆಟ್ಟಿಲ ಹತ್ತಿರ ಹಿಡಿದರು.

"ಏ ಉಡ್ಗಿ, ದಿನಾ ಬೆಳಿಗ್ಗೆ ಯಾರ್ನ ಅಂಗೆ ಬೈತೀಯ? ಗಂಡಾನೂ ಇಲ್ವಲ್ಲ ನಿಂಗೆ."

"ಸುದ್ದೀನ ಅಜ್ಜಿ. ಓದಿದ್ರೆ ಮೈ ಉರಿಯುತ್ತೆ."

"ಅಂಗಾರೆ ಇಲ್ಲೇ ಕೂತ್ಕಂಡು ಬಯ್ಯಿ. ನಾನೂ ಒಸಿ ಕೇಳ್ತೀನಿ. ನಮ್ಮನ್ಯಾಗೆ ಪೇಪರ್ ಬತ್ತದೆ, ಓದೋರು ಒಬ್ರೂ ಇಲ್ಲ. ಎಲ್ಲಾ ಚಪಾತಿ ಸುತ್ತಕ್ಕೆ ಓಯ್ತದೆ."

ಮಾರನೆಯ ದಿನದಿಂದ ಕಾಲೇಜು ಬಸ್ಸು ಬರುವವರೆಗೆ ಅವರ ಜಗಲಿಯೇ ನನ್ನ ಜಾಗವಾಯಿತು. ಬೆಲ್ಲದ ಕಾಫಿ ಬರುತ್ತಿತ್ತು. ಅಜ್ಜಿಯ ಮೊದಲ ಪ್ರಶ್ನೆ ಯಾವತ್ತೂ ಒಂದೇ: "ಕೆರೆ ವಿಚಾರ ಏನಾರ ಬಂದೈತಾ?" ಬಂದಿದ್ದರೆ ಅದು ಮೊದಲು. ಇಲ್ಲದಿದ್ದರೆ, "ಸರಿ, ನಿಂದು ಓದು" ಎಂದು ನನಗೆ ಬಿಡುವರು.

ನನ್ನದು ಎಂದರೆ ಇಂಧನದ ಸುದ್ದಿ. ಹೊಸ ಸೋಲಾರ್ ಪಾರ್ಕ್ ಬರುತ್ತದಂತೆ ಎಂದು ನಾನು ಕುಣಿದರೆ ಅಜ್ಜಿ, "ಬಿಸ್ಲಿಂದ ಕರೆಂಟ್ ತೆಗೀತಾರೆ, ಆ ಕರೆಂಟಿಂದ ಏಸಿ ಆಕ್ಕಂಡು ಬಿಸ್ಲು ತಪ್ಪಿಸ್ಕಂತಾರೆ. ಚೆಂದಾಗೈತೆ" ಎಂದು ನಕ್ಕುಬಿಡುತ್ತಿದ್ದರು. ಡೇಟಾ ಸೆಂಟರ್‌ಗಳಲ್ಲಿ ಕಂಪ್ಯೂಟರ್‌ಗಳನ್ನು ತಂಪಾಗಿಡುವುದಕ್ಕೆ ನೀರು ಸುರಿಯುತ್ತಾರೆ ಎಂದು ಓದಿದ ದಿನ ನಂಬಲೇ ಇಲ್ಲ. ನಾನೇ ಕಟ್ಟಿದ ಕಥೆ ಎಂದುಕೊಂಡು, "ಮಿಸಿನ್‌ಗೂ ಬಾಯಾರ್ಕೆಯಾ? ಓಗತ್ಲಾಗೆ" ಎಂದು ಬೈದರು. ಒಂದೊಂದು ಸುದ್ದಿ ಮುಗಿದಾಗಲೂ "ಆಮ್ಯಾಕೆ?" ಎನ್ನುವರು. ಆಮೇಲೆ ಏನಾಯಿತು ಎಂದು ಪೇಪರ್‌ನಲ್ಲಿ ಎಲ್ಲಿರುತ್ತದೆ? ಸಮಿತಿ ರಚಿಸಿದರು, ಸೂಚನೆ ನೀಡಿದರು, ಅಲ್ಲಿಗೆ ಕಾಲಂ ಮುಗಿದಿರುತ್ತಿತ್ತು. ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕೆರೆಯ ಮೇಲೆ ಅವರಿಗೆ ಯಾಕಿಷ್ಟು ಗಮನ ಎಂದು ತಿಳಿದದ್ದು ಅವರ ಕೊನೆಯ ಮೊಮ್ಮಗಳ, ಅಂದರೆ ಓನರ್ ಅಂಕಲ್ ಮಗಳ, ಮದುವೆ ಗೊತ್ತಾದಾಗ. ಅವರ ಮನೆತನದಲ್ಲಿ ಮದುವೆಯ ಮುಂಜಾನೆ ಹೆಂಗಸರೆಲ್ಲ ಕಳಶ ಹಿಡಿದು ಕೆರೆಗೆ ಹೋಗಿ, ಏರಿಯ ಮೇಲಿನ ಗಂಗಮ್ಮನ ಕಲ್ಲಿಗೆ ಪೂಜೆ ಮಾಡಿ, ನೀರು ತುಂಬಿಕೊಂಡು ಬರಬೇಕು. ಆ ನೀರನ್ನೇ ಹೆಣ್ಣಿಗೆ ಎರೆಯಬೇಕು. ಅಜ್ಜಿ ಸೊಸೆಯಾಗಿ ಬಂದಾಗಿನಿಂದ ನಾದಿನಿಯರಿಗೆ, ಹೆಣ್ಣುಮಕ್ಕಳಿಗೆ ಮುಂದೆ ನಿಂತು ಗಂಗೆ ತಂದವರು. ಕೆರೆ ನೊರೆ ಕಕ್ಕಲು ಶುರು ಮಾಡಿದ ಮೇಲೆ ಹುಟ್ಟಿದ ಹೊಸ ಪದ್ಧತಿ ಎಂದರೆ ಬೋರ್‌ವೆಲ್ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಅದನ್ನೇ ಗಂಗೆ ಅನ್ನುವುದು. ದೊಡ್ಡ ಮೊಮ್ಮಕ್ಕಳಿಗೆಲ್ಲ ಹಾಗೇ ಆಗಿತ್ತು.

"ನಲ್ಲಿ ತಾವ ನಿಂತ್ಕಂಡು ಕೈ ಮುಗ್ಯಕ್ಕೆ ನಾಚ್ಕೆ ಆಯ್ತದೆ ಕಣವ್ವ" ಎಂದಿದ್ದರು. "ಈ ಒಂದು ಮದ್ವೆಗಾರ ಕೆರೆಯಿಂದ ತರ್ಬೇಕು. ನಾ ಓದ್ಮ್ಯಾಲೆ ಯಾರ್ಗೂ ಗ್ಯಾನ ಇರಕಿಲ್ಲ."

ಆಗ ಕೆರೆ ಕೆಲಸ ನಡೆಯುತ್ತಿತ್ತು. ಹೂಳು ತೆಗೆಯುವ ಲಾರಿಗಳು ದಿನವಿಡೀ ನಮ್ಮ ಬೀದಿಯಲ್ಲೇ ಓಡಾಡಿ ಮನೆಮಂದಿಗೆಲ್ಲ ಕೆಮ್ಮು ಬಂದಿತ್ತು. ಅಜ್ಜಿಗೆ ಆ ಸದ್ದು ಹಬ್ಬವಾಗಿತ್ತು. ಕೊಳಚೆ ಬೇರೆ ಕಡೆ ತಿರುಗಿಸುತ್ತಾರಂತೆ, ಮುಂದಿನ ಮಳೆಗೆ ಶುದ್ಧ ನೀರು ನಿಲ್ಲುತ್ತದಂತೆ ಎಂದು ಪೇಪರ್‌ನಲ್ಲಿ ಬಂದದ್ದನ್ನು ಅವರಿಗೆ ಎರಡು ಸಲ ಓದಿದೆ. ಯಾವ ಸುದ್ದಿಯನ್ನೂ ನಂಬದ ನಾನು ಅದನ್ನು ನಂಬಿದೆ. ಅಜ್ಜಿ ಹಾಲೆ ಕಿತ್ತುಬರುವಂತೆ ಎಳೆದುಕೊಂಡು ಕೂತಿದ್ದರು. ಲಗ್ನವನ್ನು ಮಳೆಗಾಲ ಕಳೆದ ಮೇಲೆಯೇ ಇಡಿಸಿದರು. ಬೀಗರು ಗೊಣಗಿದರೂ ಇವರು ಬಗ್ಗಲಿಲ್ಲ.

ಮಳೆ ಬಂತು. ಕೆರೆ ತುಂಬಿತು. ಮೊದಲ ವಾರ ನೀರು ನೀರಿನ ಬಣ್ಣದಲ್ಲೇ ಇತ್ತು. ನಾನು ನೋಡಿಬಂದು ಹೇಳಿದೆ, ಅಜ್ಜಿ ನನ್ನ ಕೈಗೆ ಇಡೀ ಕೊಬ್ಬರಿ ಮಿಠಾಯಿ ಡಬ್ಬಿಯನ್ನೇ ಕೊಟ್ಟರು. ಆಮೇಲೆ ಮೇಲಿನ ಬಡಾವಣೆಗಳ ಕೊಳಚೆಯೂ ಹಿಂದಿನ ಹಾಗೇ ಹರಿದು ಬಂತು. ನೀರು ಕಪ್ಪಾಯಿತು, ಸತ್ತ ಮೀನು ದಡಕ್ಕೆ ಬಂದು ಬಿದ್ದವು. ಅದೂ ಪೇಪರ್‌ನಲ್ಲಿ ಬಂತು, ಅದನ್ನೂ ಓದಿದೆ. ಅಜ್ಜಿ ಕಿವಿಯಿಂದ ಕೈಬಿಟ್ಟರು. "ಎಂಗಿದ್ರೂ ನಮ್ಮ್ ಗಂಗವ್ವ ತಾನೆ. ಅಲ್ಲಿಂದ್ಲೇ ತತ್ತೀವಿ" ಎಂದರು.

ಮದುವೆಯ ಮುಂಜಾನೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಏರಿಗೆ ಹೋದೆವು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಒಬ್ಬಳೇ ಮಗಳ ಮೈಮೇಲೆ ಆ ನೀರು ಹಾಕುವುದಕ್ಕೆ ಓನರ್ ಅಂಕಲ್‌ಗೆ ಮನಸ್ಸಾಗಿರಲಿಲ್ಲ. ಯಾವ ಅಪ್ಪನಿಗೆ ಆದೀತು? ಡಿಕ್ಕಿಯಲ್ಲಿ ಕುಡಿಯುವ ನೀರಿನ ಕ್ಯಾನು ಇಟ್ಟುಕೊಂಡೇ ಬಂದಿದ್ದರು. ಅಜ್ಜಿಯನ್ನು ಗಂಗಮ್ಮನ ಕಲ್ಲಿನ ಹತ್ತಿರ ಕೂರಿಸಿ, ಕೆರೆಗೆ ಇಳಿದುಹೋದ ಹಾಗೆ ಎರಡು ಹೆಜ್ಜೆ ಸದ್ದು ಮಾಡಿ, ಕ್ಯಾನಿನಿಂದ ಕಳಶ ತುಂಬಿ ತಂದಿಟ್ಟರು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು.

ಅಜ್ಜಿ ಕಳಶಕ್ಕೆ ಅರಿಶಿನ ಹಚ್ಚಿದರು, ಹೂ ಇಟ್ಟರು. ಪದ್ಧತಿಯಂತೆ ಬೆರಳು ಅದ್ದಿ ನೀರನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದವರು ನಡುವೆಯೇ ನಿಂತು, ಬೆರಳನ್ನು ಮೂಗಿನ ಹತ್ತಿರ ತಂದರು.

"ಗಾಳಿ ನಾರ್ತೈತೆ, ನೀರು ನಾರ್ತಿಲ್ಲ. ಯಾವ ಕ್ಯಾನಿಂದಪ್ಪ ಇದು?"

ಓನರ್ ಅಂಕಲ್, "ಅಮ್ಮಾ, ಉಡ್ಗಿ ಮೈಗೆ ಉಯ್ಯೋ ನೀರು ಕಣಮ್ಮ... ಕಜ್ಜಿಗಿಜ್ಜಿ ಆದ್ರೆ..." ಎಂದು ತಡವರಿಸಿದರು.

"ನಾನೇನ್ ಬೈದ್ನಾ? ಒಳ್ಳೇದೇ ಮಾಡಿದ್ಯ" ಎಂದರು. ಆಮೇಲೆ ಕಲ್ಲನ್ನು ತಡವಿ ಹುಡುಕಿಕೊಂಡು, ಅದರ ಮೇಲೆ ಎರಡೂ ಅಂಗೈ ಇಟ್ಟರು. "ಗಂಗವ್ವಾ, ನಿನ್ನ ಬುಟ್ಟು ಮದ್ವೆ ಮಾಡ್ತಾ ಇದೀವಿ. ತಪ್ಪು ತಿಳ್ಕಬ್ಯಾಡ. ಮನೆ ಮಗೂನ ನಿನ್ನ ಕೈಗೆ ಕೊಡಕ್ಕೆ ಬಯ ಆಯ್ತದೆ."

ನನ್ನ ತಟ್ಟೆಯ ದೀಪ ಆರಿತು. ಯಾರೂ ಅದನ್ನು ಅಪಶಕುನ ಅನ್ನಲೂ ಇಲ್ಲ. ಎಲ್ಲರಿಗೂ ಅಲ್ಲಿಂದ ಹೊರಟರೆ ಸಾಕಾಗಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಆಮೇಲೂ ನಾನು ಜಗಲಿಗೆ ಹೋಗಿ ಕೂರುತ್ತಿದ್ದೆ, ಕಾಫಿ ಬರುತ್ತಿತ್ತು. ಅಜ್ಜಿ ಕೆರೆಯ ವಿಚಾರ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಒಂದು ದಿನ ಕೆರೆಗೆ ಮತ್ತೊಂದು ಯೋಜನೆ ಎಂದು ಅರ್ಧ ಪುಟ ಬಣ್ಣದ ಚಿತ್ರದ ಸಮೇತ ಬಂದಿತ್ತು. ನಾನಾಗಿಯೇ ಓದಲು ಶುರು ಮಾಡಿದೆ. "ಬ್ಯಾರೆ ಏನಾರ ಓದವ್ವ" ಎಂದರು. ಚಿನ್ನದ ರೇಟು ಓದಿದೆ. ಅವತ್ತಿನಿಂದ ನನ್ನ ಬೈಗುಳವೂ ಬತ್ತಿಹೋಯಿತು. ಎಲ್ಲೋ ಕಾಡು ಕಡಿಯುತ್ತಾರೆ, ಇನ್ನೆಲ್ಲೋ ಹೊಸ ಗಣಿ ತೆಗೆಯುತ್ತಾರೆ ಎಂದು ಬಂದರೆ, ಸತ್ತವರ ಕಾಲಂ ಓದುವ ಹಾಗೆ ಓದಿ ಮುಗಿಸುತ್ತಿದ್ದೆ. ಸಿಟ್ಟು ಬರುತ್ತಿದ್ದಾಗ ನಾನು ಇನ್ನೂ ಏನನ್ನೋ ನಿರೀಕ್ಷಿಸುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಅದು ಹೋದ ಮೇಲೆ.

ಅವರು ಹಾಸಿಗೆ ಹಿಡಿದದ್ದು ಬೇಸಿಗೆಯಲ್ಲಿ. ಒಂದು ದಿನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ನಾನು ಅದೇ ಪೇಪರ್ ಮಡಚಿ ಗಾಳಿ ಹಾಕುತ್ತಿದ್ದೆ.

"ನೀನು ಕರೆಂಟಿನ್ ಓದು ಓದ್ತೀಯಲ್ಲ. ನಿಮ್ಮಂಥೋರು ದೊಡ್ಡೋರಾದ್ಮ್ಯಾಲೆ ಇದೆಲ್ಲ ಸರಿ ಓಯ್ತದಾ?"

ಕಾಲೇಜಿನಲ್ಲಿ ಇದೇ ಪ್ರಶ್ನೆಗೆ ನಾವು ಸೆಮಿನಾರುಗಟ್ಟಲೆ ಉತ್ತರ ಕೊಡುತ್ತೇವೆ. ಕೊನೆಯಲ್ಲಿ ಒಂದು ಹಸಿರು ಗಿಡದ ಚಿತ್ರ ಹಾಕಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ಅಜ್ಜಿಯ ಮುಂದೆ ಅದು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ ಅಜ್ಜಿ. ನಂಗೆ ಹಾಗನ್ಸಲ್ಲ."

ಅವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು. "ಸದ್ಯ, ನೀನಾರ ಸುಳ್ಳೇಳ್ಲಿಲ್ಲ" ಎಂದರು. ನನ್ನ ಓದಿಗೆ ಈವರೆಗೆ ಸಿಕ್ಕ ಸರ್ಟಿಫಿಕೇಟ್‌ಗಳಲ್ಲಿ ನಾನು ನಂಬುವುದು ಇದೊಂದನ್ನೇ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ, ಆದರೂ ಅವರ ಋಣ ನನ್ನ ಮೇಲಿದೆ.

ಅದೇ ವಾರ ಅಜ್ಜಿ ಹೋಗಿಬಿಟ್ಟರು. ಅವರ ಕಡೆ ತಮ್ಮ ಹೊಲದಲ್ಲೇ ಮಣ್ಣು ಮಾಡುವುದು ವಾಡಿಕೆ. ಹೊಲವೆಲ್ಲ ಬಾಡಿಗೆ ಮನೆಗಳಾಗಿದ್ದವು. ಉಳಿದದ್ದು ಕೆರೆಯ ಅಂಚಿನ ಒಂದು ತುಂಡು, ಯಾರೂ ಕೊಳ್ಳದೆ ಬಿಟ್ಟದ್ದು. ಅಲ್ಲೇ ಇಟ್ಟರು.

ಹಾಲು ತುಪ್ಪದ ದಿನ ಹೆಂಗಸರ ಜೊತೆ ನಾನೂ ಹೋದೆ. ಗುಡ್ಡೆಗೆ ಹಾಲು ತುಪ್ಪ ಬಿಟ್ಟು, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಎಲೆಯ ಮೇಲೆ ಬಡಿಸಿದರು. ಕಾಗೆ ಬಂದು ಮುಟ್ಟುವವರೆಗೆ ಕಾಯಬೇಕು. ಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಬ್ಬಾಕೆ ವಾಂತಿ ಬರುತ್ತೆ ಎಂದು ಕಾರಿನತ್ತ ಹೋದಳು, ಹಿಂದೆಯೇ ಮಕ್ಕಳನ್ನು ಕಳಿಸಿದರು. "ಆಯ್ತು ನಡೀರಿ, ಕಾಗೆ ಆಮೇಲ್ ಬಂದ್ ತಿಂತದೆ" ಎಂದು ಓನರ್ ಅಂಕಲ್ ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿದರು. ಅವರ ಮುಖ ನೋಡಲಾಗಲಿಲ್ಲ.

ನನಗೆ ಅಲ್ಲಿ ಒಂದು ಗಳಿಗೆ ನಿಂತು ಅಳಬೇಕಿತ್ತು. ಅಳುವುದಕ್ಕೂ ಉಸಿರು ಎಳೆದುಕೊಳ್ಳಬೇಕಲ್ಲ. ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಾನೂ ಅವರ ಹಿಂದೆ ಬಂದುಬಿಟ್ಟೆ.