ಚಿಲಕದ ಕ್ಯಾಪ್ಟನ್

ನನ್ನ ಅಣ್ಣ ವಿಮಾನ ಹಾರಿಸುತ್ತಾನೆ. ಜೊತೆಯವರು ಅವನಿಗಿಟ್ಟ ಹೆಸರು ಚಿಲಕ. ಮನೆಯಲ್ಲಿ ಫ್ರಿಜ್ಜಿನ ಬಾಗಿಲನ್ನೂ ನೆಟ್ಟಗೆ ಮುಚ್ಚದವನಿಗೆ ಈ ಹೆಸರು ಬಂದದ್ದು ಕಾಕ್‌ಪಿಟ್ಟಿನ ಬಾಗಿಲಿನ ದೆಸೆಯಿಂದ. ಆಕಾಶದಲ್ಲಿ ಏನಾದರೂ ಗಲಿಬಿಲಿಯಾದರೆ ಆ ಬಾಗಿಲು ತೆರೆಯುವುದು ಬಿಡುವುದು ಕ್ಯಾಪ್ಟನ್ನರ ವಿವೇಚನೆಗೇ ಬಿಡೋಣ ಎಂದು ಕಂಪನಿ ಹೊರಟಾಗ, ಪೈಲಟ್‌ಗಳ ಸಭೆಯಲ್ಲಿ ಎದ್ದು ನಿಂತು ಬೇಡವೆಂದವನು ಇವನೊಬ್ಬನೇ. ಹೊರಗೆ ಯಾರ ಕುತ್ತಿಗೆಗೆ ಚಾಕು ಹಿಡಿಯಲಿ, ಯಾರೇ ಕುಸಿದು ಬೀಳಲಿ, ನೆಲ ಮುಟ್ಟುವವರೆಗೆ ತೆರೆಯಬಾರದು. ಕಾಯಿಲೆಯ ನಾಟಕವಾಡಿ ತೆರೆಸುವವರೂ ಇರುತ್ತಾರೆ. ವಿವೇಚನೆ ಕೈಕೊಡುವುದೇ ಅಂಥ ಹೊತ್ತಿನಲ್ಲಿ ಎಂದು ಎಲ್ಲರ ತಲೆ ತಿಂದು ಗೆದ್ದುಬಿಟ್ಟ. ಊಟಕ್ಕೆ ಕೂತಾಗಲೂ ಇದೇ ರಾಗ. ನಮಗೆಲ್ಲ ಕೇಳಿ ಕೇಳಿ ಸಾಕಾಗಿತ್ತು.

ಅಪ್ಪ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. ಬಸ್ ಡ್ರೈವರಾಗಿ ರಿಟೈರಾದವರು. ಮಗ ಓಡಿಸುವ ವಿಮಾನದಲ್ಲಿ ಒಮ್ಮೆ ಕೂರಬೇಕು ಎಂದು ಹಟ ಹಿಡಿದರು. ಕಡೆಗೆ ನಾನೇ ಕರೆದುಕೊಂಡು ಹೊರಟೆ.

ಅರ್ಧ ದಾರಿಯಲ್ಲಿ ಅಪ್ಪ ಎದೆ ಒತ್ತಿಕೊಂಡರು. ಅಂಗಿ ಬೆವರಿನಿಂದ ತೊಯ್ದುಹೋಯಿತು. ಗಗನಸಖಿ ಅವರನ್ನು ಸೀಟುಗಳ ನಡುವೆ ಮಲಗಿಸಿ, ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿ, ಕಾಕ್‌ಪಿಟ್ಟಿಗೆ ಫೋನ್ ಮಾಡಿದಳು. ನಿಮ್ಮ ತಂದೆ ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಮರುಕ್ಷಣ ಸ್ಪೀಕರಿನಲ್ಲಿ ಅಣ್ಣನ ದನಿ ಬಂತು.

"ಪ್ರಯಾಣಿಕರೊಬ್ಬರಿಗೆ ಹುಷಾರಿಲ್ಲ. ಡಾಕ್ಟರ್ ಯಾರಾದ್ರೂ ಇದ್ರೆ ದಯವಿಟ್ಟು ಮುಂದೆ ಬನ್ನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಅಪ್ಪ ಇವನಿಗೆ ಪ್ರಯಾಣಿಕರೊಬ್ಬರೇ? ಹಲ್ಲಿನ ಡಾಕ್ಟರೊಬ್ಬರು ಬಂದು ಕೈಲಾದದ್ದು ಮಾಡತೊಡಗಿದರು. ಆ ಬಾಗಿಲು ಬಡಿಯಲೆಂದು ನಾನು ಎದ್ದೆ. ಅಪ್ಪ ನನ್ನ ಕೈ ಹಿಡಿದು, ಮಾಸ್ಕ್ ಸರಿಸಿದರು.

"ಹೋಗ್ಬೇಡ ಮಗಳೇ. ಓಡಿಸ್ತಾ ಇದ್ದಾನೆ."

ವಿಮಾನ ಹತ್ತಿರದ ಇನ್ಯಾವುದೋ ಊರಿನತ್ತ ತಿರುಗಿತು. ಮೋಡದಲ್ಲಿ ಕುಲುಕುತ್ತಾ ಇಳಿಯುವಾಗ ನಾನು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದೆ. ಚಕ್ರ ನೆಲ ಮುಟ್ಟುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದರು.

ಆಮೇಲೆ ಬಹಳ ಕಾಲ ನಾನು ಅಣ್ಣನ ಜೊತೆ ಮಾತಾಡಲಿಲ್ಲ. ಅಷ್ಟರಲ್ಲಿ ಪೈಲಟ್‌ಗಳು ಮತ್ತೆ ಸಭೆ ಸೇರಿದರಂತೆ. ಸ್ವಂತ ಮನೆಯವರಿಗೇನಾದರೂ ಆದರೆ ಒಬ್ಬರು ಹೊರಗೆ ಹೋಗಿ ಬರಬಹುದು ಎಂದು ನಿಯಮ ಸಡಿಲಿಸಲು ಕೇಳಿದವನು ಆ ದಿನದ ಕೋಪೈಲಟ್ಟೇ. ವಿಮಾನ ನಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ ಸರ್ ಎಂದು ಅವತ್ತೂ ಅಂಗಲಾಚಿದ್ದನಂತೆ. ಆಗಲೂ ಈಗಲೂ ಅಣ್ಣ ಒಪ್ಪಲಿಲ್ಲ. ಸುದ್ದಿ ಕೇಳಿ, ಎರಡರಲ್ಲೊಂದು ಆಗಿಬಿಡಲಿ ಎಂದು ಅವನ ಮನೆಗೆ ನುಗ್ಗಿದೆ. ಅಣ್ಣ ಯೂನಿಫಾರ್ಮಿನ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ.

"ಒಂದು ಗಳಿಗೆ ಬಂದು ಅಪ್ಪನ ಮುಖ ನೋಡಿ ಹೋಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಣ್ಣ ಇಸ್ತ್ರಿಪೆಟ್ಟಿಗೆ ಆರಿಸಿದ. ಅವನು ಬಡವಾಗಿದ್ದ, ಅದನ್ನು ನಾನು ಆಗಲೇ ಗಮನಿಸಿದ್ದು.

"ಬಂದಿದ್ರೆ ಅಪ್ಪನ ಕೈ ಹಿಡೀತಿದ್ದೆ," ಎಂದ. "ಹಿಡಿದ ಮೇಲೆ ಬಿಟ್ಟು ಎದ್ದು ಹೋಗೋಕೆ ನನ್ನಿಂದ ಆಗ್ತಿತ್ತೇನೆ? ಅಲ್ಲಿ ರನ್‌ವೇ ಚಿಕ್ಕದು, ಮೋಡ ಬೇರೆ. ಇಳಿಸೋಕೆ ಇಬ್ಬರೂ ಬೇಕಿತ್ತು. ಹಿಂದೆ ಅಷ್ಟು ಜನ ಕೂತಿದ್ರು. ನೀನೂ ಇದ್ದೆ."

ಅವತ್ತು ವಿಮಾನ ನಿಂತು, ಆಂಬುಲೆನ್ಸಿನವರು ಸ್ಟ್ರೆಚರ್ ತಂದು ಕಾಯುತ್ತಿದ್ದರೂ ನಾನು ಅಪ್ಪನ ಕೈ ಬಿಟ್ಟಿರಲಿಲ್ಲ. ಯಾರು ಹೇಳಿದರೂ ಬಿಡಲಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಅಣ್ಣನೇ.